ಬೆಲ್ಲ ಸಾವಯವ ಆದರೆ ಶುಗರ್ ಇರುವವರೂ ತಿನ್ನಬಹುದೇ?

ಚಳಿಗಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಬೆಲ್ಲದ ಸಂದೇಶಗಳು ಸುತ್ತತೊಡಗುತ್ತವೆ. ಸಕ್ಕರೆ ವಿಷ, ಬೆಲ್ಲ ಔಷಧ. ಸಾವಯವ ಬೆಲ್ಲವಾದರೆ ಶುಗರ್ ಇರುವವರೂ ಹೆದರದೆ ತಿನ್ನಬಹುದು. ಬಂಗಾರದ ಬಣ್ಣವಿದ್ದರೆ ಅದು ಶುದ್ಧ. ಇವು ನಿಮಗೂ ಬಂದಿರಬಹುದು, ನೀವೂ ನಾಲ್ಕು ಜನರಿಗೆ ಕಳಿಸಿರಬಹುದು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಇದು ಬರೀ ಮೊಬೈಲಿನ ಮಾತಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹರಿಯುವ ಘಟಪ್ರಭೆಯ ನೀರಿನಲ್ಲಿ ಕಬ್ಬು ಬೆಳೆಯುವ ಸೀಮೆ ಇದು. ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಮಾರುಕಟ್ಟೆ ಪಕ್ಕದಲ್ಲೇ ಇದೆ. ಗೋಕಾಕದ ಕರದಂಟು ನಿಂತಿರುವುದೇ ಬೆಲ್ಲ, ಅಂಟು ಮತ್ತು ಒಣಹಣ್ಣುಗಳ ಮೇಲೆ. ಎಳ್ಳ ಅಮವಾಸ್ಯೆಯ ಶೇಂಗಾ ಹೋಳಿಗೆ, ಮದುವೆ ಮನೆಯ ಮಾದಲಿ, ಎಣ್ಣೆಗಾಯಿಗೆ ಹಾಕುವ ಚೂರು, ಎಲ್ಲದರಲ್ಲೂ ಬೆಲ್ಲ ಬೇಕು. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ನೋಡೋಣ.

ಬೆಲ್ಲ ಸಕ್ಕರೆ ಅಲ್ಲವೇ?

ಬೆಲ್ಲದ ಬಹುಪಾಲು ಸಕ್ಕರೆಯೇ. ಕಬ್ಬಿನ ಹಾಲನ್ನು ಕುದಿಸಿ ನೀರು ಆರಿಸಿದಾಗ ಉಳಿಯುವುದು ಮುಖ್ಯವಾಗಿ ಸುಕ್ರೋಸ್, ಜೊತೆಗೆ ಸ್ವಲ್ಪ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಬಿಳಿ ಸಕ್ಕರೆಯೂ ಸುಕ್ರೋಸೇ. ಬೆಲ್ಲದಲ್ಲಿ ಹೆಚ್ಚಿಗೆ ಉಳಿಯುವುದು ಒಂದಿಷ್ಟು ಖನಿಜ, ತೇವ, ಬಣ್ಣ ಮತ್ತು ರುಚಿ. ಬಾಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ರಕ್ತಕ್ಕೆ ಸೇರುವ ಹೊತ್ತಿಗೆ ಎರಡೂ ಸರಳ ಸಕ್ಕರೆಗಳೇ.

'ಸಾವಯವ' ಎಂಬ ಪದ ಕಬ್ಬನ್ನು ಹೇಗೆ ಬೆಳೆದರು, ಬೆಲ್ಲವನ್ನು ಹೇಗೆ ಮಾಡಿದರು ಎಂಬುದನ್ನು ಹೇಳುತ್ತದೆ. ರಾಸಾಯನಿಕ ಗೊಬ್ಬರ, ಕೀಟನಾಶಕ ಹಾಕದಿದ್ದರೆ ಮಣ್ಣಿಗೂ ಒಳ್ಳೆಯದು, ಹೊಲದಲ್ಲಿ ದುಡಿಯುವವರಿಗೂ ಒಳ್ಳೆಯದು. ಆದರೆ ಕಬ್ಬಿಗೆ ಸಗಣಿ ಗೊಬ್ಬರ ಹಾಕಿದರೂ ಯೂರಿಯಾ ಹಾಕಿದರೂ ಅದರೊಳಗೆ ಕಟ್ಟುವುದು ಅದೇ ಸುಕ್ರೋಸ್.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ದಿನಕ್ಕೆ ನಮಗೆ ಬೇಕಾದ ಶಕ್ತಿಯಲ್ಲಿ ಹೀಗೆ ಸೇರಿಸಿದ ಸಕ್ಕರೆಗಳ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2000 ಕ್ಯಾಲರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಈ ಲೆಕ್ಕದಲ್ಲಿ ಜೇನಿಗೂ ವಿನಾಯಿತಿ ಇಲ್ಲ. 30 ಗ್ರಾಂ ಬೆಲ್ಲದ ಒಂದು ಉಂಡೆ ತಿಂದರೆ 25 ಗ್ರಾಂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ?

ಇದೆ, ಆದರೆ ನಾವು ತಿನ್ನುವ ಪ್ರಮಾಣದಲ್ಲಿ ಅದು ತೀರಾ ಕಡಿಮೆ. 10 ಗ್ರಾಂ ಬೆಲ್ಲದಿಂದ ಸಿಗುವುದು ಸುಮಾರು ಅರ್ಧ ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾಗಿರುವುದು 29 ಮಿಲಿಗ್ರಾಂ. ಬೆಲ್ಲದಿಂದಲೇ ಅಷ್ಟು ಪಡೆಯಲು ಹೊರಟರೆ ಅರ್ಧ ಕಿಲೋಗಿಂತ ಹೆಚ್ಚು ತಿನ್ನಬೇಕಾಗುತ್ತದೆ! ರಕ್ತ ಕಡಿಮೆ ಇದೆ ಎಂದು ಡಾಕ್ಟರು ಕೊಟ್ಟ ಮಾತ್ರೆಗೆ ಬೆಲ್ಲ ಬದಲಿಯಲ್ಲ.

ಹೊಳೆಯುವ ಹಳದಿ ಬೆಲ್ಲ ಶುದ್ಧವೇ?

ಹಾಗೆ ಹೇಳಲು ಬರುವುದಿಲ್ಲ. ಕಬ್ಬಿನ ಹಾಲು ಕುದಿಯುವಾಗ ತಾನಾಗಿಯೇ ಬಣ್ಣ ಗಾಢವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ ಕೊಳೆಯನ್ನು ಮೇಲೆ ತಂದು ತೆಗೆಯುತ್ತಾರೆ. ಗಿರಾಕಿಗಳು ಬಂಗಾರದ ಬಣ್ಣವನ್ನೇ ಕೇಳುವುದರಿಂದ ಕೆಲವೆಡೆ 'ಹೈಡ್ರೋಸ್', ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಳಸಿ ಬಣ್ಣ ತಿಳಿಯಾಗಿಸುತ್ತಾರೆ. ಅದರಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯಬಹುದು. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರುವಂತಿಲ್ಲ. ಅಸ್ತಮಾ ಇರುವ ಕೆಲವರಿಗೆ ಇಂಥ ವಸ್ತುಗಳಿಂದ ಉಬ್ಬಸ ಬರಬಹುದು.

ಹಾಗಂತ ಕಪ್ಪು ಬೆಲ್ಲವೆಲ್ಲ ಸಾವಯವವೂ ಅಲ್ಲ. ಕಬ್ಬಿನ ತಳಿ, ಸವಳು ಮಣ್ಣು, ಹೆಚ್ಚಾದ ಉರಿ, ಹಳೆಯ ದಾಸ್ತಾನು ಇವೆಲ್ಲವೂ ಬಣ್ಣವನ್ನು ಕಪ್ಪಾಗಿಸುತ್ತವೆ. ಬೆಲ್ಲಕ್ಕೆ ವಿನೆಗರ್ ಹಾಕಿ ನೊರೆ ನೋಡುವ ಪರೀಕ್ಷೆಯೂ ಅರ್ಧ ಸತ್ಯ. ನೊರೆ ಬಂದರೆ ಸೋಡಾ ಅಥವಾ ಸೀಮೆಸುಣ್ಣದಂಥದ್ದು ಬೆರೆತಿರಬಹುದು. ಆದರೆ ಹೈಡ್ರೋಸ್ ಇದೆಯೋ ಇಲ್ಲವೋ ಎಂಬುದನ್ನು ಆ ನೊರೆ ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು.

ಹಾಗಾದರೆ ಕೊಳ್ಳುವುದು ಹೇಗೆ?

ಪ್ಯಾಕೆಟ್ ಮೇಲೆ 'ಸಾವಯವ' ಎಂದು ಬರೆದಿದ್ದರೆ ಅಧಿಕೃತ ಸಾವಯವ ಲಾಂಛನ ಇದೆಯೇ ನೋಡಿ. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದ್ದರಿಂದ ಲಾಂಛನ ಇಲ್ಲದಿದ್ದರೆ ಅದು ಮೋಸ ಎಂದೇನಲ್ಲ. ನಮ್ಮ ಭಾಗದಲ್ಲಿ ಇನ್ನೊಂದು ಅನುಕೂಲ ಇದೆ: ಹಂಗಾಮಿನಲ್ಲಿ ಗಾಣದ ಮನೆಗೇ ಹೋಗಿ, ಕೊಪ್ಪರಿಗೆಗೆ ಏನೇನು ಹಾಕುತ್ತಾರೆ ಎಂದು ಕಣ್ಣಾರೆ ನೋಡಿ ಕೊಳ್ಳಬಹುದು.

ಶುಗರ್ ಇರುವವರ ತಾಟಿನಲ್ಲಿ ಏನಿರಲಿ?

ಊರಿನ, ಹಂಗಾಮಿನ ಅಡುಗೆಯ ನಿಜವಾದ ಲಾಭ ಬೆಲ್ಲದಲ್ಲಿಲ್ಲ, ಅದರ ಸುತ್ತ ಇರುವ ಪದಾರ್ಥಗಳಲ್ಲಿದೆ. ಚಳಿಗಾಲದಲ್ಲಿ ಸಜ್ಜೆ ಅಥವಾ ಜೋಳದ ರೊಟ್ಟಿ, ಮುಳಗಾಯಿ ಎಣ್ಣೆಗಾಯಿ, ಮೆಂತ್ಯ ಪಲ್ಯ, ಹಸಿ ಹಕ್ಕರಕಿ, ಮೂಲಂಗಿ, ಮಡಕೆ ಕಾಳು, ಶೇಂಗಾ ಹಿಂಡಿ, ಮೊಸರು. ನಾರು ಮತ್ತು ಪ್ರೋಟೀನ್ ಹೆಚ್ಚಿರುವ ಇಂಥ ಊಟ ಹೊಟ್ಟೆ ತುಂಬಿಸುತ್ತದೆ, ಸಕ್ಕರೆ ನಿಧಾನವಾಗಿ ಏರುತ್ತದೆ. ಸೊಪ್ಪು, ಕಾಳಿನ ಮೇಲೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆ ಹೀರುತ್ತದೆ. ರೊಟ್ಟಿಯಲ್ಲೂ ಪಿಷ್ಟ ಇದೆ ಎಂಬುದು ನೆನಪಿರಲಿ. ಎರಡು ತಿನ್ನುವ ಕಡೆ ಐದು ತಿಂದರೆ ಸಜ್ಜೆಯೂ ಕಾಪಾಡುವುದಿಲ್ಲ.

ಎಣ್ಣೆಗಾಯಿಗೆ ಹಾಕುವ ಚಿಟಿಕೆ ಬೆಲ್ಲಕ್ಕೆ ಹೆದರಬೇಕಿಲ್ಲ, ಅದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆದರೆ ಹೋಳಿಗೆ, ಮಾದಲಿ, ಕರದಂಟಿನ ಲೆಕ್ಕ ಬೇರೆ. ಕರದಂಟನ್ನು ಬಾಣಂತಿಯರಿಗೆ, ಕುಸ್ತಿ ಪೈಲವಾನರಿಗೆ ಕೊಡುತ್ತಿದ್ದದ್ದೇ ಅದರ ಶಕ್ತಿಗಾಗಿ. ಶುಗರ್ ಇರುವ ಹಿರಿಯರಿಗೆ ಹಬ್ಬದ ದಿನ ಎಷ್ಟು ತುಂಡು ಎಂಬುದನ್ನು ಅವರ ರಕ್ತ ಪರೀಕ್ಷೆಯ ಫಲಿತಾಂಶ ನೋಡಿದ ಡಾಕ್ಟರು ಹೇಳಲಿ.

ಎಲ್ಲಕ್ಕಿಂತ ಅಪಾಯಕಾರಿ ಮಾತು, ಸಾವಯವ ಬೆಲ್ಲ ತಿಂದು ಗುಳಿಗೆ ಬಿಡಿ ಎಂಬುದು. ಗುಳಿಗೆ ಅಥವಾ ಇನ್ಸುಲಿನ್ ಬಿಟ್ಟ ದಿನವೇ ತೊಂದರೆ ಕಾಣಿಸದಿರಬಹುದು. ಏರಿದ ಸಕ್ಕರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಸದ್ದಿಲ್ಲದೆ ಹಾಳು ಮಾಡುತ್ತದೆ. ಇನ್ಸುಲಿನ್ ನೆಚ್ಚಿಕೊಂಡವರಿಗೆ ಕೆಲವೇ ದಿನಗಳಲ್ಲಿ ಜೀವಕ್ಕೇ ಕುತ್ತು ಬರಬಹುದು. ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಮನೆಯ ಹಿರಿಯರು ಅದನ್ನು ನೋಡಿದ್ದರೆ, ಇವತ್ತಿನ ಗುಳಿಗೆ ತೆಗೆದುಕೊಂಡಿರೋ ಇಲ್ಲವೋ ಎಂದು ಒಮ್ಮೆ ಕೇಳಿ.