ಕೋಲಾರದ ಮುಗಿಲು: ಬಣ್ಣ ಬಿಡಿ, ಎತ್ತರ ನೋಡಿ

ಜುಲೈ ತಿಂಗಳಲ್ಲಿ ಕೋಲಾರ, ಮಾಲೂರು ಕಡೆಯ ಆಕಾಶ ಎಷ್ಟೋ ಸಲ ವಾರವಿಡೀ ಮುಚ್ಚಿಕೊಂಡೇ ಇರುತ್ತದೆ. ಪಡುವಣ ಗಾಳಿ ಬಿರುಸಾಗಿ ಬೀಸುತ್ತದೆ, ಕಪ್ಪು ಮೋಡ ಒಂದರ ಹಿಂದೊಂದು ಓಡುತ್ತದೆ, ಬಿದ್ದರೆ ನಾಲ್ಕು ಹನಿ ತುಂತುರು ಬಿದ್ದು ಧೂಳು ಅಡಗುತ್ತದೆ, ಅಷ್ಟೆ. ಅಕ್ಟೋಬರಿನಲ್ಲಾದರೋ ಮಧ್ಯಾಹ್ನದವರೆಗೆ ಬಿಸಿಲು ಸುಟ್ಟು, ಸಂಜೆ ಒಂದೇ ಗಂಟೆಯಲ್ಲಿ ಹೊಲದ ಬದು ಒಡೆಯುವಂತೆ ಸುರಿದುಬಿಡಬಹುದು. ಮೋಡದ ಕಪ್ಪು ನೋಡಿ ಮಳೆಯ ಲೆಕ್ಕ ಹಾಕುವ ರೂಢಿ ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ಸೋಲುವುದು ಇದಕ್ಕೇ. ಮೋಡ ಎಷ್ಟು ಎತ್ತರಕ್ಕೆ ಬೆಳೆದಿದೆ, ಯಾವ ದಿಕ್ಕಿನಿಂದ ಬಂದಿದೆ ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ.

ಮೋಡದೊಳಗಿನ ಒಂದು ಹನಿಯ ಅಗಲ ಸುಮಾರು 0.02 ಮಿ.ಮೀ. ನೆಲ ಮುಟ್ಟುವ ಮಳೆಹನಿ 2 ಮಿ.ಮೀ. ಇರಬಹುದು. ಅಂಥ ಒಂದು ಮಳೆಹನಿಗೆ ಹತ್ತು ಲಕ್ಷ ಮೋಡದ ಹನಿಗಳು ಕೂಡಬೇಕು; ಕೂಡಲು ಮೋಡಕ್ಕೆ ಆಳ ಬೇಕು. 1802ರಲ್ಲಿ ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವರ್ಡ್ ಮೋಡಗಳನ್ನು ವಿಂಗಡಿಸಿದಾಗ ಹಿಡಿದದ್ದು ಆಕಾರದ ಜಾಡನ್ನೇ. ನಮ್ಮ ಶಾಲಾ ಪಠ್ಯಗಳಲ್ಲಿ ಬರುವ ಪದರು ಮೋಡ, ರಾಶಿ ಮೋಡ, ಹಿಮಕಣ ಮೋಡ, ರಾಶಿವೃಷ್ಟಿ ಮೋಡಗಳ ಮೂಲ ಅಲ್ಲಿದೆ. ಜುಲೈನಲ್ಲಿ ಕೋಲಾರದ ಮೇಲೆ ಓಡುವುದು ಹೆಚ್ಚಾಗಿ ತೆಳುವಾದ ಪದರು ಮೋಡ. ಅರಬ್ಬಿ ಸಮುದ್ರದಿಂದ ಸುಮಾರು 350 ಕಿ.ಮೀ. ದಾಟಿ ಬರುವ ಆ ಗಾಳಿ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟದಲ್ಲೇ ಇಳಿಸಿರುತ್ತದೆ. ಬಂಗಾಳ ಕೊಲ್ಲಿ ಮುಳಬಾಗಿಲಿಗೆ ಕೇವಲ 200 ಕಿ.ಮೀ. ಆಸುಪಾಸಿನಲ್ಲಿದೆ. ವರ್ಷದ ಸುಮಾರು 750 ಮಿ.ಮೀ. ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿಗೆ ಬೀಳುವ ಈ ಜಿಲ್ಲೆಯ ಜನ ಮೂಡಣ ದಿಕ್ಕಿನ ಮೇಲೆ ಹೆಚ್ಚು ಕಣ್ಣಿಡುವುದು ನ್ಯಾಯವೇ.

ಇನ್ನು ರಾಶಿವೃಷ್ಟಿ ಮೋಡ. ಬೆಳಗ್ಗೆ ಹತ್ತಿಯುಂಡೆಯಂತಿದ್ದ ರಾಶಿ ಮೋಡ ಮಧ್ಯಾಹ್ನದ ಹೊತ್ತಿಗೆ ಅಗಲಕ್ಕಿಂತ ಎತ್ತರವಾಗಿ ಬೆಳೆಯುತ್ತಿದ್ದರೆ ಎಚ್ಚರವಾಗಬೇಕು. ಅದು 12 ಕಿ.ಮೀ.ಗೂ ಮೇಲೇರಿ, ತಲೆ ಚಪ್ಪಟೆಯಾಗಿ ಹರಡಿಕೊಂಡಿತೆಂದರೆ ಸಿಡಿಲು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು ಜೊತೆಗೇ ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ಕಾಯಿ ಉದುರಿಸುವುದು ಇಂಥವೇ. ಇಂಥ ಒಂದು ಮೋಡದ ಅಗಲ ಸಾಮಾನ್ಯವಾಗಿ ಐದು–ಹತ್ತು ಕಿ.ಮೀ., ಆಯುಸ್ಸು ಒಂದು ಗಂಟೆಯ ಆಚೀಚೆ. ಮಾಲೂರಿಗೂ ಮುಳಬಾಗಿಲಿಗೂ ನಡುವೆ ನೇರವಾಗಿ 50 ಕಿ.ಮೀ. ಇದೆ. ಒಂದೂರು ತೊಯ್ದು ಇನ್ನೊಂದು ಒಣಗಿ ನಿಲ್ಲುವುದರಲ್ಲಿ ವಿಚಿತ್ರವೇನಿಲ್ಲ. ವಾರದ ಮುನ್ಸೂಚನೆ ಸುಳ್ಳಾಯಿತೆಂದು ಬೈಯುವ ಮೊದಲು ಅದರ ಮಾತನ್ನು ಸರಿಯಾಗಿ ಓದಬೇಕು: ಹವಾಮಾನ ಇಲಾಖೆ ‘ಒಂದೆರಡು ಕಡೆ ಮಳೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ. 25ರಲ್ಲಿ ಮಳೆ ಎಂದರ್ಥ. ಅಂಥ ದಿನ ನಾಲ್ಕರಲ್ಲಿ ಮೂರು ಕಡೆ ಒಣಗಿದ್ದರೂ ಮುನ್ಸೂಚನೆ ನಿಜವೇ.

ಮೊಬೈಲಿನಲ್ಲೇ ಎಲ್ಲ ಸಿಗುವಾಗ ತಲೆಯೆತ್ತಿ ನೋಡುವುದೇಕೆ ಎನ್ನಬಹುದು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ದೇಶವನ್ನು 6 ಕಿ.ಮೀ. ಚೌಕಗಳಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದು ದೊಡ್ಡ ಸಾಧನೆ. ಆದರೂ ಗಂಟೆ ಬಾಳುವ ಮೋಡವೊಂದು ಗುರುವಾರ ಸಂಜೆ ಯಾರ ತೋಟದ ಮೇಲೆ ನಿಲ್ಲುತ್ತದೆಂದು ಸೋಮವಾರವೇ ಹೇಳಲು ಯಾವ ಗಣಕಯಂತ್ರಕ್ಕೂ ಆಗದು. ಈ ವಾರ ಗುಡುಗು ಮಳೆಗೆ ಅನುಕೂಲವೇ ಎಂಬುದನ್ನು ಮುನ್ಸೂಚನೆ ಹೇಳುತ್ತದೆ; ಈಗ ಟೊಮೆಟೊಗೆ ಔಷಧಿ ಹೊಡೆಯಬಹುದೇ ಎಂಬುದಕ್ಕೆ ಮೋಡವನ್ನೂ ನೋಡಬೇಕು. ಹಿರಿಯರ ಮಳೆ ನಕ್ಷತ್ರಗಳನ್ನು ನಂಬಿದರೆ ಸಾಲದೇ ಎಂಬುದು ಇನ್ನೊಂದು ವಾದ. ಹಸ್ತ, ಚಿತ್ತೆಗಳು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ, ಇಲ್ಲಿನ ಮಳೆಯ ಹೊತ್ತಿಗೇ ಬರುತ್ತವೆ. ತಲೆಮಾರುಗಳ ಅನುಭವ ಅದು, ಗೌರವಿಸಲೇಬೇಕು. ಆದರೆ ಅದು ಹೇಳುವುದು ಹಲವು ವರ್ಷಗಳ ಸರಾಸರಿಯನ್ನು. ಈ ವರ್ಷದ ಚಿತ್ತೆಯಲ್ಲಿ ಇವತ್ತು ಏನಾಗುತ್ತದೆಂಬುದು ಅದಕ್ಕೆ ಗೊತ್ತಿರುವುದಿಲ್ಲ.

ನವೆಂಬರಿನ ಕಥೆಯೇ ಬೇರೆ. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು, ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ನೆಂದು ಹಾಳಾಯಿತು. ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮಳೆ ಇತ್ತ ಸರಿಯುವಾಗ ಹಲವು ಬಾರಿ ಮೊದಲು ಮೂಡಣದಲ್ಲಿ ನಾರಿನಂಥ ಬಿಳಿ ಹಿಮಕಣ ಮೋಡ ಹರಡುತ್ತದೆ, ಸೂರ್ಯ ಚಂದ್ರರ ಸುತ್ತ ಉಂಗುರ ಕಾಣುತ್ತದೆ, ಆಮೇಲೆ ಬೂದು ಪದರ ದಪ್ಪವಾಗುತ್ತಾ ಕೆಳಗಿಳಿದು ಜಡಿಮಳೆ ಹಿಡಿಯುತ್ತದೆ. ಉಂಗುರ ಕಂಡಾಗೆಲ್ಲ ಮಳೆ ಬಂದೇ ಬರುತ್ತದೆಂದಲ್ಲ. ಆದರೆ ಉಂಗುರವೂ ಮೂಡಗಾಳಿಯೂ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿಯೂ ಒಟ್ಟಿಗೆ ಬಂದರೆ, ಕೊಯ್ದ ರಾಗಿಯನ್ನು ಹೊಲದಲ್ಲಿ ಬಿಡದೆ ಅಂದೇ ಮೆದೆ ಹಾಕಿ ಮೇಲೆ ಟಾರ್ಪಾಲು ಹೊದಿಸುವುದು ಲೇಸು.