ಗಣಿತದ ಪೀರಿಯಡ್ಡಿನಲ್ಲಿ ಹವಾಮಾನದ ಪಾಠ

ಹವಾಮಾನ ಬದಲಾವಣೆಯನ್ನು ಶಾಲೆಯಲ್ಲಿ ಕಲಿಸಬೇಕೆಂಬುದನ್ನು ಅಲ್ಲಗಳೆಯುವವರು ವಿರಳ. 2015ರ ಪ್ಯಾರಿಸ್ ಒಪ್ಪಂದದ 12ನೆಯ ವಿಧಿಯೂ ಈ ಶಿಕ್ಷಣಕ್ಕೆ ಸಹಕರಿಸುವಂತೆ ರಾಷ್ಟ್ರಗಳಿಗೆ ಹೇಳುತ್ತದೆ. ಆದರೆ ಪರೀಕ್ಷೆಯೊಳಗೆ ಪಠ್ಯ ಮುಗಿಸುವ ಧಾವಂತದಲ್ಲಿರುವ ಶಿಕ್ಷಕರು ಇದಕ್ಕೆಂದು ಪೀರಿಯಡ್ಡನ್ನು ಎಲ್ಲಿಂದ ತರಬೇಕು? ಒಪ್ಪಂದಗಳು ಮುಟ್ಟದ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡದ್ದು ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ (ಐಸರ್) ನೆಲೆಗೊಂಡ ‘ಟ್ರಾಪ್ ಐಸಿಎಸ್‌ಯು’ ಯೋಜನೆ. ಜೀವವಿಜ್ಞಾನಗಳ ಅಂತರರಾಷ್ಟ್ರೀಯ ಒಕ್ಕೂಟ ಹಾಗೂ ಕ್ವಾಟರ್ನರಿ ಯುಗವನ್ನು, ಎಂದರೆ ಭೂಮಿಯ ಇತ್ತೀಚಿನ ಸುಮಾರು 26 ಲಕ್ಷ ವರ್ಷಗಳ ಚರಿತ್ರೆಯನ್ನು, ಅಭ್ಯಸಿಸುವವರ ಒಕ್ಕೂಟ ಇದರ ಮುಂದಾಳತ್ವ ವಹಿಸಿದವು.

ಯೋಜನೆಯ ಮೂಲತತ್ತ್ವ ಸರಳವಾದುದು: ಹೊಸ ಅಧ್ಯಾಯವನ್ನು ಸೇರಿಸದೆ, ಇರುವ ಪಾಠದ ಉದಾಹರಣೆಯನ್ನಷ್ಟೇ ಬದಲಿಸುವುದು. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗಗಳಷ್ಟಿದ್ದ ಆ ಅನಿಲ ಈಗ 420ನ್ನು ದಾಟಿದೆ. ಆ ಅಂಕಿಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ, ಉತ್ತರ ಗೋಳಾರ್ಧದ ಸಸ್ಯಗಳು ಚಿಗುರುವ ಕಾಲದಲ್ಲಿ ಅನಿಲವನ್ನು ಹೀರಿಕೊಳ್ಳುವುದರಿಂದ ಪ್ರತಿವರ್ಷ ಇಳಿದೇರುವ ಗರಗಸದ ಹಲ್ಲುಗಳಂಥ ರೇಖೆ ಮೂಡುತ್ತದೆ. ವಾರ್ಷಿಕ ಸರಾಸರಿ ತೆಗೆದರೆ ಹಲ್ಲುಗಳು ಮಾಯವಾಗಿ ಏರಿಕೆಯೊಂದೇ ಉಳಿಯುತ್ತದೆ. ವರ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆಯಿದ್ದ 1960ರ ದಶಕದ ಏರಿಕೆ ಈಗ ಎರಡನ್ನು ಮೀರಿರುವುದರಿಂದ, ಬದಲಾವಣೆಯ ದರವೇ ಬದಲಾಗುತ್ತಿದೆಯೆಂಬುದು, ಅಂದರೆ ಅವಕಲನ ಗಣಿತದ ತಿರುಳು, ವಿದ್ಯಾರ್ಥಿಗೆ ಕಣ್ಣಾರೆ ಕಾಣುತ್ತದೆ. ರಸಾಯನಶಾಸ್ತ್ರದಲ್ಲಿ ಆಮ್ಲೀಯತೆಯ ಅಳತೆಯಾದ ಪಿಎಚ್ ಅನ್ನು ಇದೇ ಬಗೆಯಲ್ಲಿ ಕಲಿಸಬಹುದು: ಕೈಗಾರಿಕಾ ಯುಗಕ್ಕೆ ಮುನ್ನ ಸುಮಾರು 8.2 ಇದ್ದ ಸಾಗರದ ಮೇಲ್ಮೈ ನೀರಿನ ಪಿಎಚ್ 8.1ಕ್ಕೆ ಇಳಿದದ್ದು ನಗಣ್ಯವೆನಿಸಿದರೂ, ಆ ಮಾಪಕ ಲಾಗರಿದಮ್ ಆಧಾರಿತವಾದ್ದರಿಂದ ಹೈಡ್ರೋಜನ್ ಅಯಾನುಗಳು ಸುಮಾರು ಶೇ 26ರಷ್ಟು ಹೆಚ್ಚಿವೆ ಎಂದೇ ಅರ್ಥ.

ಪರಿಸರ ದಿನದ ಭಾಷಣ, ಭಿತ್ತಿಪತ್ರ ಸ್ಪರ್ಧೆಗಳಿಗಿಂತ ಈ ಕ್ರಮ ಹೆಚ್ಚು ಫಲಕಾರಿ. ಇಲ್ಲಿ ಹವಾಮಾನದ ವಿಷಯ ಉಪದೇಶವಾಗಿರದೆ, ಅಂಕ ತಂದುಕೊಡುವ ಪಾಠದ ಒಳಗೇ ಇರುತ್ತದೆ. ಮಿತಿಯೂ ಇಲ್ಲದಿಲ್ಲ: ಯೋಜನೆಯ ಸಾಮಗ್ರಿ ಮುಖ್ಯವಾಗಿ ಪ್ರೌಢಶಾಲೆ ಮತ್ತು ಪದವಿ ತರಗತಿಗಳನ್ನು ಉದ್ದೇಶಿಸಿದ್ದು, ಕಂಪ್ಯೂಟರನ್ನು ಬಹಳವಾಗಿ ಅವಲಂಬಿಸಿದೆ. ಆದರೂ ಅದರ ತತ್ತ್ವಕ್ಕೆ ಕಂಪ್ಯೂಟರ್ ಅನಿವಾರ್ಯವಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲೂ ಮಳೆಯನ್ನು ದಾಖಲಿಸುತ್ತದೆ. ಸರಾಸರಿ, ಮಧ್ಯಾಂಕಗಳನ್ನು ಕಲಿಸುವ ಗಣಿತ ಶಿಕ್ಷಕರು ಕಾಲ್ಪನಿಕ ಅಂಕಿಗಳನ್ನು ಬಿಟ್ಟು ತಮ್ಮ ಹೋಬಳಿಯ ಮಳೆಯ ಲೆಕ್ಕವನ್ನೇ ಕಪ್ಪುಹಲಗೆಯ ಮೇಲೆ ಬರೆದು ಆರಂಭಿಸಬಹುದು.