ಆರು ತಿಂಗಳಲ್ಲಿ ಓದಿಗೆಷ್ಟು ಕಾಲ?

ಬೆಂಗಳೂರಿನಲ್ಲಿ ಬಿ.ಇ. ಮುಗಿಸಿ ಜರ್ಮನಿಗೆ ಓದಲು ಹೋಗುವವರಿಗೆ ಸೆಮಿಸ್ಟರ್ ಹೊಸದಲ್ಲ; ಅಲ್ಲಿ ಅದು ನಡೆಯುವ ಬಗೆ ಹೊಸದು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಲೆಕ್ಕಕ್ಕೆ ಪೂರ್ತಿ ಆರು ತಿಂಗಳಾದರೂ ತರಗತಿ ನಡೆಯುವುದು ಸುಮಾರು 14 ವಾರ. ಫೆಬ್ರುವರಿಯಲ್ಲಿ ಪಾಠ ನಿಂತಿತೆಂದು ಊರಿಗೆ ಟಿಕೆಟ್ ಮಾಡಿಸಿದವರು ಪೇಚಿಗೆ ಬೀಳುತ್ತಾರೆ. ಎಷ್ಟೋ ಪರೀಕ್ಷೆಗಳು, ಬರೆದೊಪ್ಪಿಸಬೇಕಾದ ದೀರ್ಘ ಪ್ರಬಂಧಗಳು ಬರುವುದೇ ಆ ವಾರಗಳಲ್ಲಿ. ಅಧಿಕೃತವಾಗಿ ಆ ಅವಧಿಗೆ ಅಲ್ಲಿ ರಜೆ ಎನ್ನುವುದಿಲ್ಲ, ಉಪನ್ಯಾಸವಿಲ್ಲದ ಕಾಲ ಎನ್ನುತ್ತಾರೆ.

ಆಕ್ಸ್‌ಫರ್ಡಿನಲ್ಲಿ ವರ್ಷಕ್ಕೆ ಮೂರು ಟರ್ಮ್: ಮಿಕಲ್‌ಮಸ್, ಹಿಲರಿ, ಟ್ರಿನಿಟಿ. ಚರ್ಚಿನ ಹಬ್ಬಗಳಿಂದ ಬಂದ ಹೆಸರುಗಳಿವು. ಪಾಠ ನಡೆಯುವುದು ಒಂದೊಂದರಲ್ಲೂ ಬರೀ 8 ವಾರ. ನಡುವೆ ದೊರೆಯುವ ದೀರ್ಘ ಬಿಡುವು ಪುಸ್ತಕಗಳಿಗೆ ಮೀಸಲು. ಹೊಸ ಟರ್ಮ್ ಶುರುವಾಗುತ್ತಲೇ ಕಾಲೇಜುಗಳು ಹಿಂದಿನ ಟರ್ಮಿನ ಪಾಠದ ಮೇಲೆ ‘ಕಲೆಕ್ಷನ್ಸ್’ ಎಂಬ ಪರೀಕ್ಷೆ ಇಡುವುದುಂಟು. ಬಿಡುವಿನಲ್ಲಿ ಓದಿದ್ದೆಷ್ಟು ಎಂಬುದು ಅಲ್ಲಿ ಗೊತ್ತಾಗಿಬಿಡುತ್ತದೆ.

ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯ 1892ರಲ್ಲಿ ಪಾಠ ಆರಂಭಿಸಿದಾಗ ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ವರ್ಷವನ್ನು ನಾಲ್ಕು ಕ್ವಾರ್ಟರ್ ಮಾಡಿದರು, ಬೇಸಿಗೆಯೂ ಕಲಿಕೆಗೆ ಸಲ್ಲಲಿ ಎಂದು. ಈಗಲೂ ಅಲ್ಲಿ ಕ್ವಾರ್ಟರ್ ಪದ್ಧತಿಯೇ ಇದೆ. ಆದರೆ ಹೆಚ್ಚಿನವರು ತರಗತಿಗೆ ಕೂರುವುದು ಮೂರರಲ್ಲಿ ಮಾತ್ರ. ಒಂದು ವಾರ ಜ್ವರ ಬಂದು ಮಲಗಿದರೂ ಕೋರ್ಸಿನ ದೊಡ್ಡ ಪಾಲೇ ಕೈತಪ್ಪುವಷ್ಟು ಬಿಗಿ ಒಂದೊಂದು ಕ್ವಾರ್ಟರ್.

ನಮ್ಮ ಪದವಿ ಕಾಲೇಜುಗಳಿಗೆ ಯುಜಿಸಿ ಹೇಳುವುದು ಸೆಮಿಸ್ಟರಿಗೆ 90 ಬೋಧನಾ ದಿನ. ಅದರೊಳಗೇ ಇಂಟರ್ನಲ್ಸ್, ಅಸೈನ್‌ಮೆಂಟ್, ಸೆಮಿನಾರ್, ಕಾಲೇಜು ಹಬ್ಬ ಎಲ್ಲವೂ ನಡೆಯಬೇಕು. ಹಿಂದಿನ ಸೆಮಿಸ್ಟರಿನ ಫಲಿತಾಂಶ ಬರುವ ಮೊದಲೇ ಮುಂದಿನದರ ತರಗತಿ ಆರಂಭವಾಗುವುದೂ ಉಂಟು. ವರ್ಷವನ್ನು ಎರಡು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ವರ್ಷದ ಕೊನೆಯ ಒಂದೇ ಪರೀಕ್ಷೆಯ ಮೇಲೆ ಎಲ್ಲವೂ ನಿಲ್ಲುವುದು ಅದರಿಂದ ತಪ್ಪಿತು. ಆದರೆ ಪಾಠ ಮುಗಿದ ಮೇಲೆ ಒಬ್ಬರೇ ಕೂತು ಓದುವ ವಾರಗಳನ್ನು ನಾವು ವೇಳಾಪಟ್ಟಿಗೆ ತರಲೇ ಇಲ್ಲ. ಪರೀಕ್ಷೆಗೆ ಮುಂಚಿನ ಸ್ಟಡಿ ಹಾಲಿಡೇಸ್ ನೋಟ್ಸ್ ತಿರುವಿಹಾಕಲಷ್ಟೇ ಸಾಕು. ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲು ಪ್ರತಿ ಸೆಮಿಸ್ಟರಿನಲ್ಲೂ ಎರಡು ವಾರವನ್ನಾದರೂ ವಿಶ್ವವಿದ್ಯಾಲಯಗಳು ಬಿಟ್ಟುಕೊಡಬೇಕು; ಶೈಕ್ಷಣಿಕ ಕ್ಯಾಲೆಂಡರಿನಲ್ಲಿ ಅದನ್ನು ದಿನಾಂಕದ ಸಮೇತ ಅಚ್ಚು ಹಾಕಬೇಕು.